ಅತ್ತೆಯ ಕಂಪ್ಯೂಟರಿಗೆ ಅಪ್ಪ ಮಾಡಿದ ಪೆಟ್ಟಿಗೆ

ನಾಗಮಂಗಲದ ನಮ್ಮ ಮನೆಯ ಬಾಗಿಲು ಮುಚ್ಚಿದರೆ ಇರುವೆ ಕೂಡ ಯೋಚನೆ ಮಾಡಿ ವಾಪಸ್ಸು ಹೋಗುತ್ತಿತ್ತು. ಅಪ್ಪ ಮರಗೆಲಸದವನು. ಆಚಾರ್ರ ಬೀದಿಯಲ್ಲಿ ಅವನ ಹಾಗೆ ಬಾಗಿಲು ಕೂರಿಸುವವನು ಇನ್ನೊಬ್ಬನಿಲ್ಲ ಅನ್ನುವುದು ಬೀದಿಯ ಮಾತು. ಅವನ ಪ್ರಕಾರ ಅದು ಜಿಲ್ಲೆಯ ಮಾತು. ಎರಡು ಹಲಗೆ ಕೂಡಿಸಿದ ಮೇಲೆ ನಡುವೆ ಒಂದು ಕೂದಲು ತೂರಿಸಿ ನೋಡುತ್ತಿದ್ದ. ಕೂದಲು ಒಳಗೆ ಹೋದರೆ ಮುಗಿಯಿತು, ಬಿಚ್ಚಿ ಮತ್ತೆ ಕೀಸಬೇಕು. ಆ ಕೂದಲು ಮನೆಯ ಹೆಂಗಸರದೇ ಆಗಬೇಕಿತ್ತು, ಅವನ ತಲೆಯಲ್ಲಿ ಅಷ್ಟು ಉದ್ದದ್ದು ಎಲ್ಲಿತ್ತು? ಜಗಲಿಯಿಂದ ಅವನು ಕೂಗಿದರೆ ಅವ್ವ ಮುದ್ದೆ ತಿರುವುವ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಬಂದು ತಲೆ ಬಗ್ಗಿಸಿ ನಿಲ್ಲುತ್ತಿದ್ದಳು. ಒಂದು ಕಿತ್ತುಕೊಟ್ಟು ವಾಪಸ್ಸು ಹೋಗುವಷ್ಟರಲ್ಲಿ ಹಿಟ್ಟು ಗಂಟಾಗಿರುತ್ತಿತ್ತು. ಗಂಟಾದ ಮುದ್ದೆಗೆ ಬೈಸಿಕೊಳ್ಳುವವಳೂ ಅವಳೇ.

ಬೀದಿಗೆ ಮುಖ ಮಾಡಿದ ಜಗಲಿ ಅಪ್ಪನ ಕೆಲಸದ ಜಾಗ. ಅದನ್ನು ದಾಟಿದರೆ ನಡುಮನೆ, ಅಲ್ಲಿ ಟಿವಿ, ಫೋನು ಮತ್ತು ಅಜ್ಜಿ. ಮೂರನ್ನೂ ಅಲ್ಲಿಂದ ಅಲುಗಾಡಿಸುವ ಹಾಗಿರಲಿಲ್ಲ. ಬಲಗಡೆಗೆ ರಾಗಿ ಮೂಟೆಯ ಕೋಣೆ. ಅಜ್ಜಿಯ ಊರಿನ ಹೊಲದಿಂದ ಬರುತ್ತಿದ್ದ ರಾಗಿಯ ಜೊತೆಗೆ ಇಲಿಗಳೂ ಬಂದು, ರಾಗಿ ಮುಗಿದ ಮೇಲೂ ಉಳಿದುಬಿಟ್ಟಿದ್ದವು. ಆ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದವಳು ಸರೋಜತ್ತೆ, ಅಪ್ಪನ ತಂಗಿ. ಅವಳನ್ನು ಕಿಕ್ಕೇರಿಗೆ ಕೊಟ್ಟಿತ್ತು. ನಾನು ಆರನೆಯ ಕ್ಲಾಸಿಗೆ ಬರುವ ಹೊತ್ತಿಗೆ ಅವಳು ಬಟ್ಟೆಯ ಗಂಟಿನ ಜೊತೆ ಬಂದು ನಮ್ಮ ಮನೆಯಲ್ಲಿ ಇದ್ದಳು. ಯಾಕೆ ಬಂದಳು ಅಂತ ಕೇಳಿದವರಿಗೆ ಅಜ್ಜಿ, ಹುಷಾರಿಲ್ಲ ಅನ್ನುತ್ತಿದ್ದಳು. ಅತ್ತೆಯಷ್ಟು ಹುಷಾರಾಗಿದ್ದವರನ್ನು ನಾನು ನೋಡಿರಲಿಲ್ಲ.

ನಡೆದದ್ದು ಇಷ್ಟು. ಅತ್ತೆ ಕಿಕ್ಕೇರಿಯಿಂದ ಕೆ.ಆರ್. ಪೇಟೆಗೆ ಬಸ್ಸಿನಲ್ಲಿ ಹೋಗಿ ಟೈಪಿಂಗು ಕಲಿತಿದ್ದಳು. ಗಂಡ ಕುಲುಮೆಯಲ್ಲಿ ಕೆಲಸ ಮಾಡುವವನು, ಕಬ್ಬಿಣ ಬಡಿಯುವ ಕೈ, ಆದರೆ ಬಾಯಿ ಇಲ್ಲ. ಹೋಗು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವನ ತಾಯಿಗೆ ಮಾತ್ರ ಸೊಸೆ ಬಸ್ಸು ಹತ್ತುವುದೇ ಕಣ್ಣಿಗೆ ಆಗುತ್ತಿರಲಿಲ್ಲ. ಆಕೆಯನ್ನು ನಮ್ಮ ಮನೆಯಲ್ಲಿ ಕಿಕ್ಕೇರಿ ಅಮ್ಮ ಅನ್ನುತ್ತಿದ್ದೆವು. ಅತ್ತೆ ಪರೀಕ್ಷೆ ಪಾಸಾಗಿ, ಪೇಟೆಯ ಒಂದು ಅಂಗಡಿಯಲ್ಲಿ ಕೂತು ಅರ್ಜಿ ಟೈಪು ಮಾಡಿಕೊಡುತ್ತೇನೆ ಅಂತ ಹೇಳಿದ ಮರುದಿನ ಬೆಳಗ್ಗೆ, ಅವಳು ಅಭ್ಯಾಸ ಮಾಡಿದ ಹಾಳೆಗಳನ್ನೆಲ್ಲ ಕಿಕ್ಕೇರಿ ಅಮ್ಮ ಬಚ್ಚಲೊಲೆಗೆ ತುಂಬಿ ನೀರು ಕಾಯಿಸಿದಳು. ಅತ್ತೆ ಜಗಳ ಆಡಲಿಲ್ಲ. ಆ ನೀರಿನಲ್ಲೇ ಸ್ನಾನ ಮಾಡಿ, ತಲೆ ಬಾಚಿಕೊಂಡು, ನಾಗಮಂಗಲದ ಬಸ್ಸು ಹತ್ತಿಬಿಟ್ಟಳು. ಇದನ್ನು ಅವಳು ನನಗೆ ಹೇಳಿದ್ದು ನಾನು ದೊಡ್ಡವಳಾದ ಮೇಲೆ. ಆಗ ನನಗೆ ಗೊತ್ತಿದ್ದದ್ದು ಅವಳು ನಮ್ಮನೆಯಲ್ಲಿದ್ದಾಳೆ, ನನಗೆ ಜಡೆ ಹಾಕುತ್ತಾಳೆ ಅನ್ನುವುದಷ್ಟೆ.

ಕಿಕ್ಕೇರಿಯವರು ಮಾತಾಡುವುದಕ್ಕೆ ಬಂದರು. ಅವ್ವ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು, ಉಂಡರು, ಎಲೆಯಡಿಕೆ ಹಾಕಿದರು, ಆಮೇಲೆ ಶುರುವಾಯಿತು. ಅಜ್ಜಿ ಸೀದಾ ಬೀಗರ ಕಡೆಗೆ ವಾಲಿದಳು.

"ಕೊಟ್ಟ ಎಣ್ಣು ಕುಲಕ್ಕೆ ವರಗು. ಕರ್ಕಂಡೋಗಿ."

ಅಪ್ಪ ಅದುವರೆಗೆ ಗೋಡೆಗೆ ಒರಗಿ ಕೂತಿದ್ದವನು ಮುಂದಕ್ಕೆ ಬಂದ.

"ಅವ್ಳು ಕಲ್ತವ್ಳೆ. ಕೂತ್ಕಂಡು ತಿನ್ನಾಕೆ ಬಂದಿಲ್ಲ. ಮನೇಲೇ ಒಂದು ಕಂಪೂಟ್ರು ಇಡ್ತೀನಿ. ಅರ್ಜಿ, ಲಗ್ನಪತ್ರಿಕೆ ಎಲ್ಲ ಮಾಡ್ಕಂಡು ಅವ್ಳ ಅನ್ನ ಅವ್ಳೇ ದುಡ್ಕತಾಳೆ."

ಈ ಮಾತು ಅವನು ಮೊದಲೇ ಯೋಚಿಸಿಟ್ಟದ್ದೋ ಆ ಕ್ಷಣಕ್ಕೆ ಬಾಯಿಗೆ ಬಂದದ್ದೋ ಇವತ್ತಿಗೂ ನನಗೆ ಗೊತ್ತಿಲ್ಲ. ಅತ್ತೆಯೂ ಬೆರಗಾಗಿ ಅವನನ್ನು ನೋಡಿದಳು. ಕಿಕ್ಕೇರಿ ಅಮ್ಮ ನಕ್ಕಳು.

"ಇಡಪ್ಪ. ಅದೇನು ಮಿಷನ್ನೋ ಇಡು. ಅಮಾಸೆ ಕಳೆದ್ಮೇಕೆ ಬತ್ತೀವಿ. ಓಡ್ತಿದ್ರೆ ನೋಡಿ ಮಾತಾಡಾನ. ಓಡ್ನಿಲ್ವಾ, ಅವತ್ತೇ ನಮ್ಮ ಎಣ್ಣ ನಾವು ಕರ್ಕಂಡೋಯ್ತೀವಿ. ಆಮೇಲೆ ಎರಡು ಮಾತಿಲ್ಲ."

ಅಪ್ಪ ಹೂಂ ಅಂದ. ಅಜ್ಜಿಯೂ ಹೂಂ ಅಂದಳು. ಅತ್ತೆಯನ್ನು ಯಾರೂ ಕೇಳಲಿಲ್ಲ. ಅವಳು ಊಟದ ಎಲೆ ಎತ್ತುತ್ತಿದ್ದಳು.

ಹೊಸ ಕಂಪ್ಯೂಟರು ಅಂಗಡಿಯಿಂದ ತರುವುದು ನಮ್ಮಂಥವರ ಕೈಲಿ ಆಗುವ ಮಾತಾಗಿರಲಿಲ್ಲ. ಅವ್ವನ ತಮ್ಮ ರಮೇಶಮಾವ ಪಾಂಡವಪುರದಲ್ಲಿ ಮಕ್ಕಳಿಗೆ ಕಂಪ್ಯೂಟರು ಹೇಳಿಕೊಡುತ್ತಿದ್ದ. ಅವನು ಬಿಡಿಭಾಗಗಳನ್ನು ಮೈಸೂರಿನಿಂದ ತಂದು ಜೋಡಿಸಿಕೊಡುತ್ತೇನೆ ಅಂದ. ಒಂದು ಭಾನುವಾರ ಅಪ್ಪ, ಅತ್ತೆ, ನಾನು ಪಾಂಡವಪುರಕ್ಕೆ ಹೋದೆವು. ಮಾವ ತನ್ನ ಮೇಜಿನ ಮೇಲೆ ಒಂದು ರಟ್ಟು ಹಾಸಿ, ಅದರ ಮೇಲೆ ಹಸಿರು ಬೋರ್ಡು, ಪಕ್ಕಕ್ಕೆ ಕರೆಂಟು ಕೊಡುವ ಡಬ್ಬ, ಹಾರ್ಡ್ ಡಿಸ್ಕು ಎಲ್ಲ ಹರಡಿಕೊಂಡು ವೈರು ಸಿಕ್ಕಿಸಿದ. ಸ್ವಿಚ್ಚು ಒತ್ತಿದ. ಒಂದು ಬೀಪು, ಪರದೆಯ ಮೇಲೆ ಅಕ್ಷರ, ಆಮೇಲೆ ಬಣ್ಣ. ಅತ್ತೆ ತನ್ನ ಹೆಸರು ಟೈಪು ಮಾಡಿದಳು. ಅಪ್ಪನ ಹೆಸರು, ನನ್ನ ಹೆಸರು. ಕೀ ನೋಡದೆ, ಪರದೆ ನೋಡದೆ, ಕಿಟಕಿಯ ಕಡೆ ನೋಡಿಕೊಂಡು ಟೈಪು ಮಾಡಿದಳು. ಅಪ್ಪ ಹಿಂದೆ ನಿಂತು ಅವಳ ಬೆರಳುಗಳನ್ನೇ ನೋಡುತ್ತಿದ್ದ.

ಇದನ್ನೆಲ್ಲ ತುಂಬುವುದಕ್ಕೆ ಅಂತ ಮಾವ ಒಂದು ಉಕ್ಕಿನ ಪೆಟ್ಟಿಗೆ ತಂದಿಟ್ಟಿದ್ದ. ಅಪ್ಪ ಅದನ್ನು ಬೆರಳಲ್ಲಿ ತಟ್ಟಿ ನೋಡಿ, ಮುಚ್ಚಳ ಎಳೆದು ನೋಡಿ, ನೋಡಬಾರದ್ದನ್ನು ನೋಡಿದವನ ಹಾಗೆ ಮುಖ ಮಾಡಿದ.

"ಇದೇನ್ಲಾ ರಮೇಶ, ಎಲ್ಲಾ ಕಡೆ ಸಂದು. ಇದ್ರಲ್ಲಿ ಇಟ್ರೆ ನಮ್ಮನೆ ಇಲಿ ಸಂಸಾರ ಸಮೇತ ಒಳೀಕೆ ಓಯ್ತವೆ. ಇದ ನೀನೇ ಮಡಿಕ್ಕೊ. ಪೆಟ್ಗೆ ನಾನು ಮಾಡ್ಕತೀನಿ."

"ಮರದ್ದಾ ಭಾವ?"

"ಇನ್ನೇನು ಮಣ್ಣಿಂದಾ?"

ಮಾವ ನಕ್ಕ. ಮರವಾದರೆ ಏನೂ ತೊಂದರೆಯಿಲ್ಲ ಅಂತ ಅವನು ಅಂದುಕೊಂಡನಂತೆ. ಉಕ್ಕಿನ ಪೆಟ್ಟಿಗೆ ಅಲ್ಲೇ ಉಳಿಯಿತು, ಬೋರ್ಡು ಅತ್ತೆಯ ಮಡಿಲಲ್ಲಿ, ಅವಳ ಹಳೆಯ ಸೀರೆಯ ಮಡಿಕೆಯಲ್ಲಿ, ನಮ್ಮ ಜೊತೆ ಬಸ್ಸಿನಲ್ಲಿ ಬಂತು.

ಅಪ್ಪ ಮಾಡಿದ ಆ ಪೆಟ್ಟಿಗೆಯನ್ನು ನೀವು ನೋಡಬೇಕಿತ್ತು. ಹಲಸಿನ ಹಲಗೆ, ಅರಿಶಿನ ಬಣ್ಣ. ಮೂಲೆಯಲ್ಲಿ ಒಂದು ಮೊಳೆ ಇಲ್ಲ, ಹಲ್ಲಿಗೆ ಹಲ್ಲು ಕಚ್ಚಿಸಿದ್ದ. ಒಳಗಡೆ ಇಲಿ ಕಾಟಕ್ಕೆ ಅಂತ ತಳಕ್ಕೂ ಗೋಡೆಗಳಿಗೂ ತಗಡು ಹೊಡೆದಿದ್ದ, ಅದೂ ಮಡಿಕೆ ಕಾಣದ ಹಾಗೆ. ಬೋರ್ಡನ್ನು ಆ ತಗಡಿನ ಮೇಲೆ ಮಟ್ಟಸವಾಗಿ ಇಟ್ಟು, ತೂತಿರುವ ಕಡೆಯಲ್ಲೆಲ್ಲ ಸ್ಕ್ರೂ ಹಾಕಿ, ಬೋರ್ಡಿಗೂ ತಳಕ್ಕೂ ಸಂದಿಲ್ಲದ ಹಾಗೆ ಬಿಗಿದ. ಅವ್ವನ ಕೂದಲು ಬಂತು, ಪರೀಕ್ಷೆ ಆಯಿತು. ಅಜ್ಜಿ ಕುಂಕುಮ ಇಟ್ಟು ಕಾಯಿ ಒಡೆದಳು. ಅತ್ತೆ ನೀಟಾಗಿ ಸೆರಗು ಸಿಕ್ಕಿಸಿಕೊಂಡು ಸ್ವಿಚ್ಚು ಒತ್ತಿದಳು.

ಒಳಗಿನ ಫ್ಯಾನು ಅರ್ಧ ಸುತ್ತು ಮಿಡುಕಿ ನಿಂತುಬಿಟ್ಟಿತು. ಪರದೆ ಕಪ್ಪಗೇ ಇತ್ತು. ಮತ್ತೆ ಒತ್ತಿದಳು. ಅಷ್ಟೇ. ಎಷ್ಟು ಸಲ ಒತ್ತಿದರೂ ಅದು ಹಾಗೆ ಒಮ್ಮೆ ಅಳ್ಳಾಡಿ ಸುಮ್ಮನಾಗುತ್ತಿತ್ತು, ಎಬ್ಬಿಸಿದರೆ ಮಗ್ಗುಲು ಬದಲಿಸಿ ಮತ್ತೆ ಮಲಗುವ ಹುಡುಗರ ಹಾಗೆ.

ಅಲ್ಲಿಂದ ಮುಂದಿನ ದಿನಗಳನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈಕೈ ನೋಯುತ್ತದೆ. ಅತ್ತೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ರಮೇಶಮಾವ ಹೇಳಿದ್ದನ್ನು ಮಾಡುವಳು. ಅವನಿಗೆ ಮಕ್ಕಳ ಪರೀಕ್ಷೆ, ಬರುವ ಹಾಗಿರಲಿಲ್ಲ. "ಗಾಬರಿ ಆಗ್ಬೇಡ ಸರೋಜಕ್ಕ. ಒಂದೊಂದೇ ಬಿಚ್ಚು, ಒಂದೊಂದೇ ನೋಡು. ಎರಡೆರಡು ಒಂದೇ ಸಲ ಮುಟ್ಬೇಡ" ಅನ್ನುವುದು ಅವನ ಉಪದೇಶ. ಮೊದಲು ಕರೆಂಟಿನ ಮೇಲೆ ಅನುಮಾನ. ನಾಗಮಂಗಲದ ಕರೆಂಟಿಗೆ ಆಗ ಅಂಥ ಮರ್ಯಾದೆಯೇನೂ ಇರಲಿಲ್ಲ, ಸಂಜೆಯಾದರೆ ಬಲ್ಬು ದಾಳಿಂಬೆ ಬಣ್ಣಕ್ಕೆ ತಿರುಗುತ್ತಿತ್ತು. ಟಿವಿಯ ಸ್ಟೆಬಿಲೈಸರು ತಂದು ಇದಕ್ಕೆ ಹಾಕಿದರು. ಅಜ್ಜಿಯ ಧಾರಾವಾಹಿ ನಿಂತಿತು, ಫ್ಯಾನು ಮಾತ್ರ ತಿರುಗಲಿಲ್ಲ. ಆಮೇಲೆ ರ‍್ಯಾಮು ಅನ್ನುವ ಉದ್ದನೆಯ ಪಟ್ಟಿ. ಅದನ್ನು ಕಿತ್ತು ಅದರ ಹೊಂಬಣ್ಣದ ಅಂಚನ್ನು ರಬ್ಬರಿನಲ್ಲಿ ಉಜ್ಜಬೇಕು ಅಂದ ಮಾವ. ನನ್ನ ವಾಸನೆಯ ರಬ್ಬರು ಅದಕ್ಕೆ ಸವೆದುಹೋಯಿತು. ಆಮೇಲೆ ಗುಂಡು ಸೆಲ್ಲು ತೆಗೆದು ಹಾಕಿದ್ದಾಯಿತು. ಹಾರ್ಡ್ ಡಿಸ್ಕಿನ ವೈರು ಕಿತ್ತು ನೋಡಿದ್ದಾಯಿತು. ಸ್ವಿಚ್ಚು ಬದಲಾಯಿಸಿದ್ದಾಯಿತು. ಪ್ರತಿ ಸಲವೂ ಅದೇ ಅರ್ಧ ಸುತ್ತು.

ಇದರಲ್ಲಿ ಅಪ್ಪನ ಪಾತ್ರ ಏನೆಂದರೆ, ಅತ್ತೆ ಬಿಚ್ಚಿದ್ದನ್ನು ಬಿಗಿಯುವುದು. ಅವಳು ಬೋರ್ಡಿನ ಸ್ಕ್ರೂ ಸ್ವಲ್ಪ ಸಡಿಲಿಸಿದ್ದು ಕಂಡರೂ ಅವನಿಗೆ ತಡೆಯುತ್ತಿರಲಿಲ್ಲ.

"ಇಂಗೆ ಲೊಡಲೊಡ ಬುಟ್ರೆ ಎಂಗಮ್ಮಿ ಓಡ್ತದೆ? ಮಿಷನ್ನು ಅಂದ್ರೆ ಬಿಗಿಯಾಗಿ ಕೂರ್ಬೇಕು. ತಕ್ಕೊ, ಈಗ ಒತ್ತು."

ಅವಳು ಒತ್ತುತ್ತಿದ್ದಳು. ಅವನು ಬಿಗಿದ ಮೇಲೆ ಕೆಲವು ಸಲ ಆ ಅರ್ಧ ಸುತ್ತೂ ಬರುತ್ತಿರಲಿಲ್ಲ. ಅದನ್ನೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಜ್ಜಿ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕಿದಳು, ಮನೆಮಂದಿಯೆಲ್ಲ ಕೆಮ್ಮಿದೆವು. ಬೋರ್ಡಿನ ಅಡಿಯ ಮುಳ್ಳುಗಳು ತರಚಿ ಅತ್ತೆಯ ಬೆರಳ ತುದಿಗಳು ಕೆಂಪಾಗಿದ್ದವು. ಊಟಕ್ಕೆ ಕೂತಾಗ ಉಪ್ಪಿನಕಾಯಿ ಮುಟ್ಟುತ್ತಿರಲಿಲ್ಲ, ಉರಿಯುತ್ತಿತ್ತಂತೆ. ಅವ್ವ ಅವಳ ತಟ್ಟೆಗೆ ತುಪ್ಪ ಹಾಕುವಳು, ಅಜ್ಜಿ ಅವ್ವನನ್ನು ನೋಡುವಳು, ಅಪ್ಪ ತಟ್ಟೆ ನೋಡುವನು. ಮನೆಯಲ್ಲಿ ಯಾರಿಗೂ ಜಗಳ ಆಡುವುದಕ್ಕೂ ತ್ರಾಣ ಉಳಿದಿರಲಿಲ್ಲ. ಒಂದು ದಿನ ಅವಳು ನನ್ನ ಜಡೆ ಹಾಕುತ್ತಾ ಹಾಕುತ್ತಾ ಅರ್ಧಕ್ಕೇ ಕೈಬಿಟ್ಟು ಸುಮ್ಮನೆ ಕೂತಳು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಅವಳು ಅಳುತ್ತಿರುತ್ತಾಳೆ ಅಂತ ಭಯವಾಗಿತ್ತು.

ಅಮಾವಾಸ್ಯೆ ಬಂತು. ನಮ್ಮಲ್ಲಿ ಅಮಾವಾಸ್ಯೆಯ ದಿನ ಆಯುಧ ಮುಟ್ಟುವ ಹಾಗಿಲ್ಲ. ಉಳಿ, ಗರಗಸ, ಸುತ್ತಿಗೆ ಎಲ್ಲವನ್ನೂ ಮುನ್ನಾದಿನವೇ ಒರೆಸಿ ಹತಾರದ ಪೆಟ್ಟಿಗೆಯೊಳಗೆ ಮಲಗಿಸಿ ಮುಚ್ಚಿದರೆ ಪಾಡ್ಯದ ಬೆಳಗ್ಗೆಯೇ ತೆರೆಯುವುದು. ತಾತನ ಕಾಲದಿಂದಲೂ ಅಷ್ಟೇ. ಮಂತ್ರಿಯೇ ಬಂದು ಬಾಗಿಲು ಕೇಳಿದರೂ ಆವತ್ತು ಇಲ್ಲ. ಕೆಲಸವಿಲ್ಲದ ಅಪ್ಪ ಜಗಲಿಯಲ್ಲಿ ಕೂತು ಬೀದಿಯವರ ಬಾಗಿಲುಗಳಲ್ಲಿ ಕೊರತೆ ಹುಡುಕುತ್ತಿದ್ದ. ಮರುದಿನ ಬೆಳಗಿನ ಮೊದಲ ಬಸ್ಸಿಗೇ ಬರುವುದಾಗಿ ಕಿಕ್ಕೇರಿಯಿಂದ ಫೋನು ಬಂದಿತ್ತು. ಮಾತು ಕೊಟ್ಟವನು ಅಪ್ಪ. ಬಟ್ಟೆಯ ಗಂಟು ಕಟ್ಟಬೇಕಾದವಳು ಅತ್ತೆ.

ಆವತ್ತು ಮಧ್ಯಾಹ್ನ ಅತ್ತೆ ನಡುಮನೆಯಲ್ಲಿ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ಕೂತಿದ್ದಳು. ಮಾವ ಹೇಳಿದ್ದನ್ನೆಲ್ಲ ಬಿಚ್ಚಿ ನೋಡಿ ಆಗಿತ್ತು. ಒಂದೊಂದೇ, ಒಂದೊಂದೇ. ಬಿಚ್ಚದೆ ಉಳಿದದ್ದು ಏನು ಅಂತ ಅವಳು ಯೋಚಿಸುತ್ತಿದ್ದಿರಬೇಕು. ಆ ಮನೆಯಲ್ಲಿ ಕರೆಂಟನ್ನು ಅನುಮಾನಿಸಬಹುದಿತ್ತು, ಮೈಸೂರಿನ ಅಂಗಡಿಯನ್ನು, ಬಸ್ಸಿನ ಕುಲುಕಾಟವನ್ನು, ರಾಹುಕಾಲವನ್ನು, ಬೀದಿಯವರ ಕಣ್ಣನ್ನು ಅನುಮಾನಿಸಬಹುದಿತ್ತು. ಅಪ್ಪನ ಕೈಯಿಂದ ಬಂದ ಪೆಟ್ಟಿಗೆಯನ್ನು ಅನುಮಾನಿಸುವುದು ಯಾರ ತಲೆಗೂ ಹೊಳೆಯುವಂಥದ್ದಲ್ಲ. ಅವಳು ಎದ್ದು ಅಡುಗೆಮನೆಯಿಂದ ಊಟದ ಮಣೆ ತಂದಳು. ರಮೇಶಮಾವ ಕೊಟ್ಟಿದ್ದ, ಹತಾರದ ಲೆಕ್ಕಕ್ಕೆ ಸೇರದ ಪುಟ್ಟ ಸ್ಕ್ರೂಡ್ರೈವರಿನಲ್ಲಿ ಸ್ಕ್ರೂಗಳನ್ನು ಬಿಚ್ಚಿ, ಬೋರ್ಡನ್ನು ಎತ್ತಿ ಮಣೆಯ ಮೇಲಿಟ್ಟಳು. ಬೇರೆ ಏನನ್ನೂ ಬದಲಾಯಿಸಲಿಲ್ಲ. ಸ್ವಿಚ್ಚು ಒತ್ತಿದಳು.

ಬೀಪ್ ಅಂತು. ಫ್ಯಾನು ತಿರುಗಿತು, ತಿರುಗುತ್ತಲೇ ಇತ್ತು. ಪರದೆಯ ಮೇಲೆ ಅಕ್ಷರಗಳು ಬಂದವು. ಅವ್ವ ಅಡುಗೆಮನೆಯಿಂದ ಓಡಿಬಂದಳು, ಅಜ್ಜಿ ಕೂತಲ್ಲೇ ಕತ್ತು ಚಾಚಿದಳು. ಅತ್ತೆ ಖುಷಿಪಡಲಿಲ್ಲ. ಆರಿಸಿ, ಬೋರ್ಡನ್ನು ಮತ್ತೆ ಪೆಟ್ಟಿಗೆಯೊಳಗೆ ಕೂರಿಸಿ ಒತ್ತಿದಳು. ಅರ್ಧ ಸುತ್ತು. ಮತ್ತೆ ಮಣೆಗೆ, ಬೀಪು. ಮೂವರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ಜಗಲಿಯಲ್ಲಿ ಅಪ್ಪ ಯಾರದೋ ಕಿಟಕಿಯ ಬಗ್ಗೆ ಯಾರಿಗೋ ಹೇಳುತ್ತಿದ್ದ.

"ಮಣೆ ಮೇಲೇ ಮಡಗಿ ತೋರ್ಸು ನಾಳೀಕೆ" ಅಂದಳು ಅಜ್ಜಿ, ದನಿ ತಗ್ಗಿಸಿ. "ಪೆಟ್ಗೆ ಸುದ್ದಿ ಎತ್ಬೇಡ. ನಿಮ್ಮಣ್ಣ ಕೈಕೆಲ್ಸಕ್ಕೆ ಒಬ್ರ ತಾವ ಮಾತು ಕೇಳ್ದೋನಲ್ಲ."

"ತಡಿ ಸರೋಜಿ, ನಾನೇಳ್ತೀನಿ. ಉಂಡ ಮೇಲೆ, ಮೆಲ್ಲಗೆ" ಅಂದಳು ಅವ್ವ. ಅವ್ವನ ಮೆಲ್ಲಗೆ ಅಂದರೆ ಮುಂದಿನ ಯುಗಾದಿ.

ಅತ್ತೆ ಎದ್ದಳು. ಸೀರೆಯ ನೆರಿಗೆ ಸರಿಮಾಡಿಕೊಂಡಳು. ನಾನು ಹಿಂದೆಯೇ ಹೋದೆ, ಬೇಡ ಅಂತ ಯಾರೂ ತಡೆಯಲಿಲ್ಲ. ಅವಳು ಜಗಲಿಯ ಬಾಗಿಲಲ್ಲಿ ನಿಂತು ಬೀದಿಯವನು ಹೋಗುವವರೆಗೆ ಕಾದಳು.

"ಅಣ್ಣಯ್ಯ, ಮಿಷನ್ನು ಸರ್ಯಾಗದೆ."

"ಓಡ್ತಾ?"

"ಮಣೆ ಮೇಲೆ ಓಡ್ತದೆ. ಪೆಟ್ಗೇಲಿ ಓಡಾಕಿಲ್ಲ."

"ಅಂದ್ರೆ?"

ಅವಳ ಕೈ ಬಾಗಿಲವಾಡವನ್ನು ಹಿಡಿದಿತ್ತು. ಅದೂ ಅವನೇ ಮಾಡಿದ್ದು.

"ಅಂದ್ರೆ ಪೆಟ್ಗೆ ಸರಿಯಿಲ್ಲ, ಅಣ್ಣಯ್ಯ."

ಅಪ್ಪನಿಗೆ ಆ ಮಾತನ್ನು ಅದುವರೆಗೆ ಗಿರಾಕಿಗಳೂ ಹೇಳಿರಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ. ನನಗೆ ಅವನು ಹೊಡೆಯುತ್ತಾನೆ ಅನ್ನಿಸಿತು. ಅವನು ಯಾರಿಗೂ ಹೊಡೆದವನಲ್ಲ, ಆದರೂ ಅನ್ನಿಸಿತು. ಅತ್ತೆ ಕಣ್ಣು ತಗ್ಗಿಸಲಿಲ್ಲ. ಅವನು ಎದ್ದು ಹೋಗಿ ಚರಂಡಿಗೆ ಉಗಿದು, ಬಾಯಿ ತೊಳೆದು ಒಳಗೆ ಬಂದ.

"ಎಲ್ಲಿ, ತೋರ್ಸು."

ಅವಳು ತೋರಿಸಿದಳು. ಮಣೆಯ ಮೇಲೆ, ಪೆಟ್ಟಿಗೆಯೊಳಗೆ. ಇನ್ನೊಂದು ಸಲ ಅಂದ. ಇನ್ನೊಂದು ಸಲ ತೋರಿಸಿದಳು. ಅಪ್ಪ ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬೆಳಕಿಗೆ ಹೋಗಿ ಅದರ ಹೊಟ್ಟೆಯನ್ನು ನೋಡಿದ. ಅಲ್ಲಿ ಸಾಲುಸಾಲು ಬೆಸುಗೆಯ ಮುಳ್ಳುಗಳು. ಆಮೇಲೆ ಪೆಟ್ಟಿಗೆಯ ತಳದ ತಗಡಿನ ಮೇಲೆ ಬೆರಳಾಡಿಸಿದ. ಅವನು ಬಿಗಿದು ಬಿಗಿದು, ಆ ಮುಳ್ಳುಗಳ ಗುರುತು ತಗಡಿನಲ್ಲಿ ಸಿಡುಬಿನ ಕಲೆಯ ಹಾಗೆ ಬಿದ್ದಿತ್ತು. ಪಾಂಡವಪುರಕ್ಕೆ ಅವನೇ ಫೋನು ಮಾಡಿದ. ಮಾವನ ಗಂಟಲು ನಡುಮನೆಗೆಲ್ಲ ಕೇಳುವಷ್ಟಿತ್ತು.

"ತಗಡಾ? ಮರದ್ದು ಅಂದ್ರಲ್ಲ ಭಾವ! ಬೋರ್ಡಿನ ಅಡಿ ತಗಡಿಗೆ ತಾಗಂಗೇ ಇಲ್ಲ. ತಾಗುದ್ರೆ ಕರೆಂಟು ಅಡ್ಡದಾರಿ ಇಡಿತದೆ, ಆ ಡಬ್ಬ ಎದ್ರಿ ಆಫಾಯ್ತದೆ. ಉಕ್ಕಿನ ಪೆಟ್ಗೇಲಿ ಅದಕ್ಕೇ ಹಿತ್ತಾಳೆ ಕಾಲು ಕೊಟ್ಟಿರ್ತಾರೆ. ಬೋರ್ಡು ಅದ್ರ ಮೇಲೆ ನಿಂತ್ಕಳದು. ಅಡೀಲಿ ವಸಿ ಸಂದು ಇರ್ಲೇಬೇಕು."

"ಸಂದು ಇರ್ಲೇಬೇಕಾ?"

"ಇರ್ಲೇಬೇಕು ಭಾವ."

ಅಪ್ಪ ಫೋನಿಟ್ಟ. ಆಮೇಲೆ ಜಗಲಿಗೆ ಹೋಗಿ ಹತಾರದ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಚಿಲಕ ತೆಗೆದ.

ಅಜ್ಜಿ ಎದ್ದು ಬಂದಳು. ಅವಳು ತಾನಾಗಿ ಎದ್ದು ಜಗಲಿಯವರೆಗೆ ಬರುವುದು ಸಾವು ಅಥವಾ ಮದುವೆ ಇದ್ದಾಗ ಮಾತ್ರ.

"ಅಮಾಸೆ ಕಣಪ್ಪ ಇವತ್ತು. ಬುದ್ಧಿ ಗಿದ್ಧಿ ಕೆಟ್ಟದಾ? ನಿಮ್ಮಪ್ಪ ಮುಟ್ನಿಲ್ಲ, ಅವರಪ್ಪ ಮುಟ್ನಿಲ್ಲ. ನಾಳೆ ಒತ್ತಾರೆ ಎದ್ದು ಮಾಡೀಯಂತೆ, ಮುಚ್ಚು."

"ನಾಳೆ ಮೊದ್ಲ ಬಸ್ಗೇ ಬತ್ತಾವ್ರೆ. ಅವ್ರು ಬರೋ ಒತ್ಗೆ ಅವ್ಳು ನಾಕು ದಪ ಓಡ್ಸಿ ನೋಡಿರ್ಬೇಕು."

"ಅಂಗಂತ ಆಯುಧ ಮುಟ್ಟೀಯಾ?"

"ತಪ್ಪು ನಂದು ಕಣವ್ವ. ಅವ್ಳು ಯಾಕೆ ಕಾಯ್ಬೇಕು?"

ಉಳಿ ತೆಗೆದು ಕಣ್ಣಿಗೆ ಒತ್ತಿಕೊಂಡ. ಬೀಟೆಯ ಒಂದು ತುಂಡು ಹಿಡಿದು ಬೋರ್ಡಿನ ತೂತುಗಳಿಗೆ ಸರಿಯಾಗಿ ಪುಟ್ಟ ಪುಟ್ಟ ಕಾಲುಗಳನ್ನು ಕೆತ್ತಿದ. ಬೀದಿಯಲ್ಲಿ ಹೋಗುತ್ತಿದ್ದವರು, ಅಮಾವಾಸ್ಯೆಯ ದಿನ ಆಚಾರ್ರ ಜಗಲಿಯಿಂದ ಉಳಿಯ ಸದ್ದು ಬರುವುದನ್ನು ಕೇಳಿ ನಿಂತು ನೋಡಿದರು. ಅಪ್ಪ ತಲೆ ಎತ್ತಲಿಲ್ಲ. ಅವನು ಜೀವಮಾನದಲ್ಲಿ ಬೇಕು ಅಂತಲೇ ಬಿಟ್ಟ ಸಂದು ಅದೊಂದೇ. ಅತ್ತೆ ಪಕ್ಕದಲ್ಲಿ ಬೋರ್ಡು ಹಿಡಿದು ಕೂತಿದ್ದಳು. ಸಂಜೆಗೆ ಮುಂಚೆಯೇ ಕಂಪ್ಯೂಟರು ಆ ಹಲಸಿನ ಪೆಟ್ಟಿಗೆಯೊಳಗೇ ಎದ್ದು ಕೂತಿತು. ನನಗೆ ಈಗ ಗಂಜಾಂನಲ್ಲಿ ಮನೆಯಿದೆ, ನನ್ನದೇ ಸಂಸಾರ, ನನ್ನದೇ ಸುಸ್ತು. ಏನಾದರೂ ಕೆಟ್ಟರೆ, ಯಂತ್ರವಾಗಲಿ ಮನುಷ್ಯರಾಗಲಿ, ಮೊದಲು ನಾನು ಅನುಮಾನಿಸುವುದು ಅವರನ್ನು ಇಟ್ಟಿರುವ ಪೆಟ್ಟಿಗೆಯನ್ನು. ಈ ಬುದ್ಧಿ ನನಗೆ ಆ ಅಮಾವಾಸ್ಯೆಯ ದಿನ ಬಂದದ್ದು. ಇದರಿಂದ ನಾಲ್ಕು ಜನರ ನಿಷ್ಠುರವನ್ನೂ ಕಟ್ಟಿಕೊಂಡಿದ್ದೇನೆ.

ಕಿಕ್ಕೇರಿಯವರು ಹೇಳಿದ ಹಾಗೆ ಮೊದಲ ಬಸ್ಸಿಗೇ ಬಂದರು. ಕಿಕ್ಕೇರಿ ಅಮ್ಮ, ಅವಳ ದೊಡ್ಡ ಮಗ, ಮತ್ತು ಅತ್ತೆಯ ಗಂಡ. ಅವ್ವ ಉಪ್ಪಿಟ್ಟು ಕೊಟ್ಟಳು. ಅತ್ತೆ ಸ್ವಿಚ್ಚು ಒತ್ತಿದಳು, ಬೀಪು ಬಂತು, ಬಣ್ಣ ಬಂತು. ಅವಳು ಒಂದು ಲಗ್ನಪತ್ರಿಕೆಯ ಒಕ್ಕಣೆಯನ್ನು ನೋಡನೋಡುತ್ತಿದ್ದ ಹಾಗೆ ಟೈಪು ಮಾಡಿ ತೋರಿಸಿದಳು. ದೊಡ್ಡ ಮಗ ಪರವಾಗಿಲ್ಲವೇ ಅಂದ. ಅತ್ತೆಯ ಗಂಡ ಎದ್ದು ಬಂದು ಪೆಟ್ಟಿಗೆಯ ಮೂಲೆಯನ್ನು ಸವರಿ ನೋಡಿದ. ಕಬ್ಬಿಣ ಕೆಲಸದವನಿಗೂ ಮರದ ಕೆಲಸ ಗೊತ್ತಾಗುತ್ತದೆ. ಅಪ್ಪನ ಮುಖದಲ್ಲಿ ಬಹಳ ದಿನದ ಮೇಲೆ ರಕ್ತ ಕಂಡಿತು. ನಾವು ಗೆದ್ದೆವು ಅಂದುಕೊಂಡೆ ನಾನು.

ಕಿಕ್ಕೇರಿ ಅಮ್ಮ ಕಾಫಿ ಲೋಟ ಕೆಳಗಿಟ್ಟಳು.

"ಚೆನ್ನಾಗದೆ ಕಣಪ್ಪ. ಇದಕ್ಯಾಕೆ ಇಷ್ಟು ರಾದ್ಧಾಂತ? ನಮ್ಮ ನಡುಮನೇಲೂ ಕರೆಂಟದೆ. ಮಿಷನ್ನೂ ಬರ್ಲಿ, ಎಣ್ಣೂ ಬರ್ಲಿ. ಅಲ್ಲೇ ಕೂತ್ಕಂಡು ದುಡೀಲಿ, ನಾನೇನು ಬ್ಯಾಡ ಅಂದೀನಾ? ಇವತ್ತೇ ಒಂದು ಆಟೋ ಮಾಡಾನ."

ಅಜ್ಜಿಯ ಮುಖ ಅರಳಿತು. ಮಾನವೂ ಉಳಿಯಿತು, ಮಗಳೂ ಗಂಡನ ಮನೆ ಸೇರಿದಳು, ಇನ್ನೇನು ಬೇಕು? ಅವ್ವ ಸೆರಗಿನ ತುದಿ ತಿರುಚುತ್ತಾ ನಿಂತಳು. ಓಡದಿದ್ದರೆ ಕರೆದುಕೊಂಡು ಹೋಗುತ್ತೇವೆ ಅಂದಿದ್ದರು. ಓಡಿದ್ದಕ್ಕೂ ಕರೆದುಕೊಂಡು ಹೋಗುವುದೇ. ಎಲ್ಲರೂ ಅಪ್ಪನ ಕಡೆ ನೋಡಿದರು. ಆ ಮನೆಯಲ್ಲಿ ಹೆಂಗಸರ ವಿಷಯಕ್ಕೆ ಹೂಂ ಅನ್ನುವವನೂ ಊಹೂಂ ಅನ್ನುವವನೂ ಅವನೇ. ದೊಡ್ಡ ಮಗ ಕೇಳಿಯೂ ಕೇಳಿದ.

"ಏನಂತೀರಿ ಭಾವ?"

ಅಪ್ಪ ತನ್ನ ಕೈಗಳನ್ನು ನೋಡಿಕೊಂಡ.

"ನನ್ನೇನು ಕೇಳ್ತೀರಿ. ಅವ್ಳ ಕೇಳಿ."

ಆ ಮಾತನ್ನು ನಮ್ಮ ನಡುಮನೆಯಲ್ಲಿ ಅ‌ದುವರೆಗೆ ಯಾರೂ ಆಡಿರಲಿಲ್ಲ. ಯಾರು ಯಾರ ಕಡೆ ತಿರುಗಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ. ಅತ್ತೆ ಕುರ್ಚಿಯಿಂದ ಏಳಲಿಲ್ಲ, ದನಿಯನ್ನೂ ಎತ್ತರಿಸಲಿಲ್ಲ.

"ಮಿಷನ್ ಬೇಕಾದ್ರೆ ತಕ್ಕಂಡೋಗಿ. ನಾನು ಬರಾಕಿಲ್ಲ."

ಕಿಕ್ಕೇರಿ ಅಮ್ಮ ಬಾಯಿ ತೆರೆದಳು. ಅವಳಿಗಿಂತ ಮುಂಚೆ, ಬಾಯಿಲ್ಲದ ಅವಳ ಚಿಕ್ಕ ಮಗ ಎದ್ದು ನಿಂತ. ಅತ್ತೆಯನ್ನು ಒಂದು ಸಲ ನೋಡಿದ. ತಪ್ಪಾಯಿತು ಅಂತಲೋ, ಹೋಗಿಬರುತ್ತೇನೆ ಅಂತಲೋ, ಆ ನೋಟದ ಅರ್ಥ ನನಗೆ ತಿಳಿಯಲಿಲ್ಲ. "ಏಳವ್ವ, ಬಸ್ಗೆ ಒತ್ತಾಯ್ತು" ಅಂದು ಚಪ್ಪಲಿ ಮೆಟ್ಟಿಕೊಂಡ. ಕಿಕ್ಕೇರಿ ಅಮ್ಮ ಬೀದಿಯ ತುದಿಯವರೆಗೂ ಮಾತಾಡುತ್ತಲೇ ಹೋದಳು. ಅತ್ತೆ ಲೋಟಗಳನ್ನು ತೊಳೆದಳು, ಉಪ್ಪಿಟ್ಟಿನ ಪಾತ್ರೆ ಉಜ್ಜಿದಳು, ಅಡುಗೆಮನೆ ಒರೆಸಿದಳು. ಆಮೇಲೆ ನಡುಮನೆಗೆ ಬಂದು, "ಸುಸ್ತಾಯ್ತು ಕಣಮ್ಮಿ" ಅಂತ ನನಗೆ ಹೇಳಿ, ಚಾಪೆಯನ್ನೂ ಹಾಸದೆ ಬರೀ ನೆಲದ ಮೇಲೆ ಮಲಗಿಬಿಟ್ಟಳು.

ಮಧ್ಯಾಹ್ನ ಕಳೆಯಿತು, ಊಟಕ್ಕೆ ಏಳಲಿಲ್ಲ. ಅಪ್ಪ ಜಗಲಿಯ ಕೆಲಸವನ್ನು ಹಿತ್ತಿಲಿಗೆ ಒಯ್ದ. ದೀಪ ಹಚ್ಚುವ ಹೊತ್ತಾಯಿತು. ಆ ಹೊತ್ತಿನಲ್ಲಿ ಹೆಂಗಸು ಮಲಗಿದ್ದರೆ ಮನೆಗೆ ದರಿದ್ರ ಅಂತ ಅಜ್ಜಿ ಜ್ವರ ಬಂದವರನ್ನೂ ಎಬ್ಬಿಸಿ ಕೂರಿಸುವವಳು. ಅವಳು ನೋಡಿದರೆ ಬೈಗುಳ ಶುರುವಾಗುತ್ತದೆ ಅಂತ ನಾನೇ ಅತ್ತೆಯ ಭುಜ ಹಿಡಿದು ಅಲ್ಲಾಡಿಸುವುದಕ್ಕೆ ಹೋದೆ. ಅಜ್ಜಿ ಆಗಲೇ ದೇವರ ಮುಂದೆ ದೀಪ ಹಚ್ಚಿ ಬಂದಿದ್ದಳು. ನನ್ನ ಕೈಯನ್ನು ಹಿಡಿದು ಹಿಂದಕ್ಕೆಳೆದಳು.

"ಏಳಿಸ್ಬ್ಯಾಡ ಕಣಮ್ಮಿ. ಮಲಗ್ಲಿ ಬುಡು. ಮದ್ವೆ ಆದಾಗಿಂದ ನಿದ್ದೆ ಮಾಡಿಲ್ಲ ಅದು."

ಆಮೇಲೆ ಕಷ್ಟಪಟ್ಟು ಬಗ್ಗಿ, ತನ್ನ ಹೆಗಲ ಮೇಲಿನ ಹೊದಿಕೆಯನ್ನು ಮಗಳ ಕಾಲಿಗೆ ಹೊದಿಸಿದಳು.